ಅಂಬಿಗರ ಓಣಿಯ ನಾಲ್ಕನೇ ದನಿ

ರಾಯಬಾಗದ ಸುಗಂಧಾಬಾಯಿಗೆ ಮುಖಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಮದುವೆಮನೆಯಲ್ಲಿ ಬೀಗರು ಎದುರಿಗೆ ಬಂದು ನಕ್ಕರೂ ಒಂದು ಗಳಿಗೆ ಸುಮ್ಮನೆ ನೋಡುತ್ತ ನಿಂತುಬಿಡುತ್ತಾರೆ. ಅದೇ ಬೀಗರು ಬಾಯಿ ತೆರೆದು "ಏನ್ರಿ, ಆರಾಮ ಅದೀರಿ?" ಅಂದರೆ ಮುಗಿಯಿತು. ಹೆಸರು, ಊರು, ಹತ್ತು ವರ್ಷದ ಹಿಂದೆ ಅವರು ಆಡಿದ ಸುದ್ದಿ ಎಲ್ಲ ಒಂದರ ಹಿಂದೊಂದು ಹೊರಗೆ ಬರುತ್ತವೆ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಖಾತೆಯಲ್ಲಿ ದುಡಿದವರು ಅವರು. ಮೊದಲ ಎಂಟು ವರ್ಷ ರಾಯಬಾಗ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಸೆಟ್ ಏರಿಸಿಕೊಂಡು, ಬೋರ್ಡಿನ ತೂತಿಗೆ ವಾಯರು ಚುಚ್ಚಿ, ಒಂದೂರಿನ ಮಾತನ್ನು ಇನ್ನೊಂದೂರಿಗೆ ಜೋಡಿಸುತ್ತಿದ್ದರು. ಆಗ ಅವರ ಪಾಲಿಗೆ ಮನುಷ್ಯರೆಂದರೆ ದನಿಗಳೇ. ಗಂಡ ಮುರಗೆಪ್ಪ ಈಗಲೂ ಹೊರಗಿನಿಂದ ಬಂದರೆ ಬಾಗಿಲಲ್ಲೇ ಒಮ್ಮೆ ಕೆಮ್ಮುತ್ತಾರೆ. ಇಲ್ಲದಿದ್ದರೆ "ಯಾರವರು?" ಅನ್ನಿಸಿಕೊಳ್ಳಬೇಕಾಗುತ್ತದೆ.

ಸುಗಂಧಾಬಾಯಿಗೆ ಒಂದು ಹುಚ್ಚಿದೆ. ೧೯೯೨ರ ಬೇಸಿಗೆಯಲ್ಲಿ ಟಿ.ವಿ.ಯಲ್ಲಿ ಬಂದ 'ಅಂಬಿಗರ ಓಣಿ' ಎಂಬ ಧಾರಾವಾಹಿ. ಹದಿಮೂರೇ ಕಂತು. ಕೃಷ್ಣಾ ಹೊಳೆಗೆ ಸೇತುವೆ ಆಗಿ, ದೋಣಿಯ ಮೇಲೆ ಬದುಕಿದ್ದ ಒಂದು ಮನೆತನ ಬೇರೆ ದಾರಿ ಹುಡುಕಿಕೊಳ್ಳುವ ಕಥೆ. ಅದರ ನಾಯಕಿ ತಂಗೆವ್ವ. ಐದನೆಯ ಕಂತಿನಲ್ಲಿ, ದೋಣಿ ಬಿಡಬಾರದು ಎಂದು ಹೇಳಲು ಬಂದ ಸಾಹೇಬನಿಗೆ ತಂಗೆವ್ವ ಸೊಂಟಕ್ಕೆ ಕೈ ಕೊಟ್ಟು, "ಯಾಕೋ ನಮ್ಮಪ್ಪಾ, ಹೊಳಿನ್ನ ಏನ ನಿಮ್ಮತ್ತಿ ನಿನ್ನ ಉಡಿಯಾಗ ಹಾಕ್ಯಾಳೇನು?" ಅನ್ನುತ್ತಾಳೆ. ಆ ಕಾಲದಲ್ಲಿ ಅಥಣಿ, ಚಿಕ್ಕೋಡಿ, ನಿಪ್ಪಾಣಿ ಕಡೆ ಸಾಲಿ ಹುಡುಗರ ಬಾಯಲ್ಲೂ ಅದೇ ಮಾತು. ಬಸ್ಸಿನಲ್ಲಿ ಸೀಟಿಗೆ ಟವಲ್ ಹಾಕಿ ಕೂತವನಿಗೂ ಜನ ಅದನ್ನೇ ಅಂದು ನಗುತ್ತಿದ್ದರು.

ಈಗ ಆ ಧಾರಾವಾಹಿಯ ಅಭಿಮಾನಿಗಳದ್ದೊಂದು ವಾಟ್ಸಾಪ್ ಗುಂಪಿದೆ. ಅರವತ್ತಮೂರು ಮಂದಿ. ನಡೆಸುವವರು ನಿಪ್ಪಾಣಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸಂಗ್ರಾಮ ಸರ್. ಗುಂಪಿನಲ್ಲಿ ಅವರ ಮಾತೇ ಕೊನೆಯ ಮಾತು. ಹದಿನೈದು ದಿನಕ್ಕೊಂದು ಭಾನುವಾರ, ಬರಲು ಆಗುವ ಏಳೆಂಟು ಮಂದಿ ಅಥಣಿಯ ಹಳೇ ಪೇಟೆಯಲ್ಲಿ ಲಾಲಸಾಬರ ರೇಡಿಯೋ-ಟಿ.ವಿ. ರಿಪೇರಿ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂಡುತ್ತಾರೆ. ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಡಿವಿಡಿ ಪ್ಲೇಯರು ಸರಿಮಾಡಲು ಬರುವುದು ಅವರೊಬ್ಬರಿಗೇ. ಅವರ ಹೆಂಡತಿ ದಾವಲಬಿ ಒಂದು ಪರಾತದ ತುಂಬ ಚುರಮುರಿ ಕಲಿಸಿ ಇಡುತ್ತಾರೆ. ಅದು ಖಾಲಿ ಆಗುವವರೆಗೆ ಸಭೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಲಾಲಸಾಬರು ಕೊಲ್ಲಾಪುರದಲ್ಲಿ ಮುಚ್ಚುತ್ತಿದ್ದ ಒಂದು ಸಿ.ಡಿ. ಲೈಬ್ರರಿಯಿಂದ ಹಳೆಯ ಸಾಮಾನು ತಂದರು. ಅದರೊಳಗೆ 'ಅಂಬಿಗರ ಓಣಿ'ಯ ಬಾಕ್ಸ್ ಸೆಟ್ ಇತ್ತು. ೨೦೧೧ರಲ್ಲಿ ಕೆಲವೇ ಪ್ರತಿ ಬಂದು ಮಾಯವಾಗಿದ್ದ ಸೆಟ್ಟು. ಅದರ ಬಗ್ಗೆ ಎಲ್ಲರೂ ಕೇಳಿದ್ದರು, ಕಣ್ಣಿಂದ ಕಂಡವರು ಯಾರೂ ಇರಲಿಲ್ಲ. ನಾಲ್ಕು ಡಿಸ್ಕು. ಮೂರರಲ್ಲಿ ಕಂತುಗಳು, ನಾಲ್ಕನೆಯದರಲ್ಲಿ ಕತ್ತರಿಸಿ ಬಿಟ್ಟ ದೃಶ್ಯಗಳು, ಚಿತ್ರೀಕರಣದ ಫೋಟೋಗಳು. ಅದಕ್ಕಿಂತ ಹೆಚ್ಚಿನದು, ಪ್ರತಿ ಕಂತಿಗೂ ಒಂದು ಕಾಮೆಂಟರಿ. ದೃಶ್ಯ ತನ್ನಷ್ಟಕ್ಕೆ ತಾನು ಓಡುತ್ತಿರುತ್ತದೆ, ಅದನ್ನು ಮಾಡಿದವರು ಹಿಂದೆ ಕೂತು ಇದು ಹೀಗಾಯಿತು, ಅದು ಹಾಗಾಯಿತು ಅಂತ ಮಾತಾಡುತ್ತಿರುತ್ತಾರೆ. ಡಬ್ಬಿಯ ಮೇಲೆ ಮೂವರ ಹೆಸರಿತ್ತು: ನಿರ್ದೇಶಕ, ಕ್ಯಾಮರಾದವನು, ದೋಣಿಯ ಮುದುಕನಾಗಿದ್ದ ನಟ. ಮೂವರೂ ಈಗ ತೀರಿಕೊಂಡಿದ್ದಾರೆ.

ಆದರೆ ಡಿಸ್ಕಿನಲ್ಲಿ ಕೇಳುವ ದನಿಗಳು ನಾಲ್ಕು.

ನಾಲ್ಕನೆಯದು ಹೆಣ್ಣುದನಿ. ಹದಿಮೂರು ಕಂತಿನಲ್ಲಿ ಅದು ಮಾತಾಡುವುದು ಮೂರೇ ಸಲ. ಎರಡನೆಯ ಕಂತಿನಲ್ಲಿ, "ಅವತ್ತ ನೀರ ಏನ ಥಂಡಿ ಇತ್ತಂತೀರಿ." ಐದನೆಯದರಲ್ಲಿ ಆ ಹೆಸರಾದ ಬೈಗುಳ ಬಂದ ಮೇಲೆ, ಮೆಲ್ಲಗೆ, "ಈ ಮಾತು ನಮ್ಮವ್ವಂದು." ಹನ್ನೊಂದರಲ್ಲಿ ನಿರ್ದೇಶಕರು "ಇದನ್ನ ಎಷ್ಟು ಸಲ ಮಾಡಿದ್ದೆ ನೀನು?" ಅಂದಾಗ, "ಹದಿನಾಲ್ಕು ಸಲರಿ."

ಅಂದು ಖೋಲಿಯಲ್ಲಿ ಎಲ್ಲರೂ ಕೇಳಿದರು. ಸಂಗ್ರಾಮ ಸರ್ ಕೈಯಲ್ಲಿದ್ದ ಚುರಮುರಿ ಕೆಳಗಿಟ್ಟು ತೀರ್ಪು ಹೇಳಿಯೇಬಿಟ್ಟರು.

"ಇದರಾಗ ವಿಚಾರ ಮಾಡೂದ ಏನೈತಿ? ಇದು ತಂಗೆವ್ವನ ದನಿ. ಅಂದ್ರ ಸೀಮಾ ಅವರದು. ಧಾರಾವಾಹಿ ದನಿ, ಈ ದನಿ ಎರಡೂ ಒಂದ ಐತಿ, ಕಿವಿ ಇದ್ದವರಿಗೆ ಗೊತ್ತಾಗತೈತಿ."

ಸೀಮಾ ಎಂದರೆ ತಂಗೆವ್ವನಾಗಿ ನಟಿಸಿದಾಕೆ, ಬೆಂಗಳೂರಿನವರು. ಆ ಪಾತ್ರಕ್ಕೆ ದೊಡ್ಡ ಪ್ರಶಸ್ತಿಯೂ ಬಂದಿತ್ತು. ಎಲ್ಲರೂ ಹೌದ್ಹೌದು ಅಂದರು. ಗುಂಪಿಗೆ ಸುದ್ದಿ ಹೋಯಿತು, ಅರವತ್ತು ಮಂದಿ ಹೆಬ್ಬೆರಳು ತೋರಿಸಿದರು.

ಸುಗಂಧಾಬಾಯಿ ಮಾತ್ರ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕಣ್ಣು ತೆರೆದು, ದನಿ ಏರಿಸದೆ ಹೇಳಿದರು. "ಸರ್, ಎರಡೂ ದನಿ ಒಂದ ಅಂದ್ರಿ, ಅದು ಖರೇನ. ಆದ್ರ ಅದು ಸೀಮಾ ಅವರ ದನಿ ಅಲ್ಲ."

"ಅಂದ್ರ?"

"ಧಾರಾವಾಹ್ಯಾಗ ತಂಗೆವ್ವ ಮಾತಾಡಿದ್ದೂ ಸೀಮಾ ಅವರ ದನೀಲೆ ಅಲ್ಲ. ಮುಖ ಅವರದು, ದನಿ ಬ್ಯಾರೇದವರದು."

ಖೋಲಿಯಲ್ಲಿ ಗದ್ದಲವೆದ್ದಿತು. ಮೂವತ್ತು ವರ್ಷ ಪ್ರೀತಿಸಿದ ತಂಗೆವ್ವನನ್ನು ಯಾರೋ ಅರ್ಧಕ್ಕೆ ಕೊಯ್ದ ಹಾಗೆ ಜನ ಮಾತಾಡಿದರು. ಸುಗಂಧಾಬಾಯಿ ಲಾಲಸಾಬರ ಕಡೆ ತಿರುಗಿ, "ಭಾಯ್, ನಾಲ್ಕನೇ ಡಿಸ್ಕ್ ಹಾಕ್ರಿ. ಬಿಟ್ಟ ದೃಶ್ಯದಾಗ ಮೂರನೇದ್ದು, ಆಗ ನೋಡಿದ್ವೆಲ್ಲ" ಅಂದರು.

ಬಿಟ್ಟ ದೃಶ್ಯಗಳಿಗೆಲ್ಲ ಸಂಗೀತ ಮಾತ್ರ ಅಂಟಿಸಿದ್ದರು. ಮೂರನೆಯದರಲ್ಲಿ ಮಾತ್ರ ಸಂಗೀತ ಬೇಗ ಮುಗಿದು, ಹೊಳೆಯ ದಂಡೆಯಲ್ಲಿ ನಿಂತ ತಂಗೆವ್ವನ ಬಾಯಿಂದ ಒಂದು ಮಾತು ಕೇಳುತ್ತದೆ: "ಬೇಗ ಬನ್ನಿ, ಹೊತ್ತಾಗ್ತಾ ಇದೆ." ತೆಳ್ಳಗಿನ, ಸಂಕೋಚದ ದನಿ. ಹೊಳೆಯ ಆಚೆ ದಂಡೆಗೆ ಅದು ಮುಟ್ಟುವುದು ಸಾಧ್ಯವಿರಲಿಲ್ಲ.

"ಇದು ಸೀಮಾ ಅವರ ಖರೇ ದನಿ," ಅಂದರು ಸುಗಂಧಾಬಾಯಿ. "ಈ ದೃಶ್ಯ ಬಿಟ್ಟಾರಂತ ಇದಕ್ಕ ಮುಂದ ಡಬ್ಬಿಂಗ್ ಮಾಡಿಲ್ಲ."

"ಅವತ್ತ ಗಂಟಲ ಕಟ್ಟಿದ್ದೀತು," ಅಂದರು ಸಂಗ್ರಾಮ ಸರ್. "ರಿಹರ್ಸಲ್ ಇದ್ದೀತು. ಇಷ್ಟರ ಮ್ಯಾಲ ಒಬ್ಬ ನಟೀದು ಹೆಸರ ಕೆಡಸಾಕ ಬರೂದಿಲ್ಲ ಅಕ್ಕಾರ. ಸೀಮಾ ಅಲ್ಲಂದ್ರ ಯಾರದು? ನಿಮಗ ಹೆಂಗ ಗೊತ್ತು?"

"ಗೊತ್ತೈತಿ. ಹೆಂಗ ಅನ್ನೂದನ್ನ ಇವತ್ತ ಹೇಳಾಂಗಿಲ್ಲ. ಅದನ್ನ ಹೇಳಾಕ ಮದ್ಲ ಆಕೀನ್ನ ಕೇಳಬೇಕು."

"ಯಾರನ್ನ?"

"ಆ ದನಿಯಾಕೀನ್ನ. ಮುಂದಿನ ಸಭಾಕ್ಕ ಬರೂ ಮುಂದ ಕೇಳಕೊಂಡ ಬರ್ತೀನಿ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಕುಡಚಿ ಮೇಲೆ ಹಾದು ರಾಯಬಾಗಕ್ಕೆ ಹೋಗುವ ಬಸ್ಸಿಗೆ ಹೊರಟರು. ಸೋತ ಲಕ್ಷಣ ಅವರ ನಡಿಗೆಯಲ್ಲಿ ಎಲ್ಲೂ ಇರಲಿಲ್ಲ.

ಸಂಗತಿ ಹೀಗಿತ್ತು. ೧೯೯೧ರ ದಸರೆಯ ಹೊತ್ತಿಗೆ ಧಾರಾವಾಹಿಯ ತಂಡ ಕುಡಚಿಯ ಬಂಗಲೆಯಲ್ಲಿ ಇಳಿದಿತ್ತು. ದಿನಾ ಸಂಜೆ ಆರಕ್ಕೆ ಆ ಬಂಗಲೆಯಿಂದ ರಾಯಬಾಗ ಬೋರ್ಡಿಗೆ ಒಂದು ಹುಡುಗಿಯ ದನಿ ಬರುತ್ತಿತ್ತು. "ಬಾಯಾರ, ಸದಲಗಾ ಇಪ್ಪತ್ತೇಳು, ಪಿ.ಪಿ. ಜನಾಬಾಯಿ." ಪಿ.ಪಿ. ಎಂದರೆ ಫೋನು ಇರುವವರು ಹೋಗಿ ಹೆಸರು ಹೇಳಿದವರನ್ನು ಕರೆದುಕೊಂಡು ಬರಬೇಕು. ಇಪ್ಪತ್ತೇಳು ಒಂದು ಕಿರಾಣಿ ಅಂಗಡಿ. ಜನಾಬಾಯಿ ಆ ಹುಡುಗಿಯ ತಾಯಿ. ಲೈನು ಜೋಡಿಸಿದ ಮೇಲೆ ಸರಿಯಾಗಿ ಕೇಳುತ್ತಿದೆಯೋ ಇಲ್ಲವೋ ನೋಡಿ ಆಪರೇಟರು ಹೊರಗೆ ಬರಬೇಕು. ಅದು ನಿಯಮ. ಒಳಗೆ ಕೇಳಿದ್ದನ್ನು ಹೊರಗೆ ಒಯ್ಯಬಾರದು. ಅದೂ ನಿಯಮ.

ಎರಡನೆಯ ನಿಯಮವನ್ನು ಸುಗಂಧಾಬಾಯಿ ಎಂದೂ ಮುರಿದವರಲ್ಲ. ಮೊದಲನೆಯದನ್ನು ಆ ಒಂದು ತಿಂಗಳು ಕೆಲಸಕ್ಕಿದ್ದ ದಿನವೆಲ್ಲ ಮುರಿದರು. ಯಾಕೆಂದರೆ ಆ ಹುಡುಗಿ ತಾಯಿಯ ಹತ್ತಿರ ಊಟದ ಸುದ್ದಿ, ದನದ ಸುದ್ದಿ ಮಾತಾಡುತ್ತಿರಲಿಲ್ಲ. "ಅವ್ವಾ, ಇಲ್ಲಿ 'ನದಿ ಯಾರಪ್ಪನ ಸ್ವತ್ತೂ ಅಲ್ಲ' ಅಂತ ಬರದಾರ. ನೀ ಆದ್ರ ಏನಂತಿದ್ದಿ?" ಎಂದು ಕೇಳುತ್ತಿದ್ದಳು. ತಾಯಿ ಕಿರಾಣಿ ಅಂಗಡಿಯಲ್ಲಿ ನಿಂತು, ಗಿರಾಕಿಗಳ ಎದುರಿಗೇ, ನಿಜವಾಗಿ ಸಿಟ್ಟು ಬಂದವಳ ಹಾಗೆ ಬೈದು ತೋರಿಸುತ್ತಿದ್ದಳು. ಮಗಳು ಅದನ್ನು ಹಾಗೇ ತಿರುಗಿ ಹೇಳುತ್ತಿದ್ದಳು. ಉಡಿಯಲ್ಲಿ ಹೊಳೆ ಹಾಕಿದ ಮಾತು ಹುಟ್ಟಿದ್ದೇ ಹಾಗೆ, ಸದಲಗಾ ಇಪ್ಪತ್ತೇಳರಲ್ಲಿ. ಅಂದು ಸುಗಂಧಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಟಿ.ವಿ.ಯಲ್ಲಿ ತಂಗೆವ್ವ ಬಾಯಿ ತೆರೆದಾಗ ಅವರು ಕೂತಲ್ಲಿಂದ ಎದ್ದೇಬಿಟ್ಟಿದ್ದರು. ಅದು ಸಂಜೆ ಆರರ ಹುಡುಗಿ! ತಂಗೆವ್ವನ ದನಿ ಯಾರದೆಂದು ಧಾರಾವಾಹಿಯ ಹೆಸರುಗಳ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಯಾರಿಗೂ ಹೇಳುವ ಹಾಗಿರಲಿಲ್ಲ. ಮೂವತ್ತೆರಡು ವರ್ಷ ಗಂಡನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಬುಧವಾರ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಸುಗಂಧಾಬಾಯಿ ಚಿಕ್ಕೋಡಿಗೆ ಹೋಗಿ, ಅಲ್ಲಿಂದ ಸದಲಗೆಯ ಬಸ್ಸು ಹತ್ತಿದರು. ಸೀಟಿನಲ್ಲಿ ಕೂತು ಒಮ್ಮೆಯೂ, ಆಕೆ ಸಿಗದಿದ್ದರೆ ಏನು ಮಾಡಲಿ ಎಂದು ಯೋಚಿಸಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದು, "ಮದ್ಲ ಇಪ್ಪತ್ತೇಳು ನಂಬರ್ ಫೋನ್ ಇದ್ದ ಕಿರಾಣಿ ಅಂಗಡಿ ಯಾವುದ್ರಿ?" ಎಂದು ಕೇಳಿದರು. ಇಬ್ಬರು ನಕ್ಕರು. ಮೂರನೆಯವರು ವಯಸ್ಸಾದವರು. ಪೇಟೆಯ ಕಡೆ ಕೈ ತೋರಿಸಿದರು.

ಕಿರಾಣಿ ಹೋಗಿ ಈಗ ಬೀಜ-ಗೊಬ್ಬರದ ಅಂಗಡಿಯಾಗಿತ್ತು. ಬಾಗಿಲ ಪಕ್ಕದ ಖುರ್ಚಿಯಲ್ಲಿ ಎಂಬತ್ತು ದಾಟಿದ ತವನಪ್ಪ ಕೂತಿದ್ದರು, ಅಂಗಡಿಯ ಹಿರಿಯರು. ಸುಗಂಧಾಬಾಯಿ ಕೇಳಿದ ಕೂಡಲೇ ಅವರ ಮುಖ ಅರಳಿತು.

"ಜನಾಬಾಯಿ? ಅಯ್ಯ, ಆಕೀನ್ನ ದಿನಾ ಕರ್ದು ಕರ್ದು ನನ್ನ ಗಂಟಲ ಹೋಗಿತ್ತು! ಬಂದಾಕಿ ನನ್ನ ಅಂಗಡ್ಯಾಗ ನಿಂತ ಬೈಯೂದು. ಗಿರಾಕಿ ಹೆದರಿ ಹೊರಗ ನಿಲ್ತಿದ್ರು." ನಗು ಮುಗಿದ ಮೇಲೆ ಅಂದರು, "ಆಕಿ ಹೋಗಿ ಭಾಳ ದಿನಾ ಆತು, ತಂಗಿ. ಮಗಳು ಕಾಂಚನ ಅದಾಳ. ಹಾಲಿನ ಡೇರ್ಯಾಗ ಕೆಲಸ ಮಾಡ್ತಾಳ."

ಡೇರಿಯಲ್ಲಿ ಬೆಳಗಿನ ಹಾಲು ಹಾಕುವುದು ಮುಗಿಯುತ್ತಿತ್ತು. ಒಳಗಿನಿಂದ ಒಂದು ದನಿ, ಕ್ಯಾನು ಬಿಟ್ಟು ಹೋದವರ ಹೆಸರು ಹಿಡಿದು ಕೂಗುತ್ತಿತ್ತು. ಸುಗಂಧಾಬಾಯಿ ಬಾಗಿಲಲ್ಲೇ ನಿಂತರು. ದನಿಗೆ ಸ್ವಲ್ಪ ಭಾರ ಬಂದಿತ್ತು, ಅಷ್ಟೇ. ಕನ್ನಡಕ ಹಾಕಿದ, ಐವತ್ತೈದರ ಹೆಂಗಸು ಹೊರಗೆ ಬಂದು, "ಯಾರ ಬೇಕಾಗಿತ್ರಿ?" ಅಂದರು.

"ನಿಮ್ಮನ್ನ ನೋಡಾಕ ಬಂದೀನ್ರಿ. ರಾಯಬಾಗದಿಂದ."

ಕಾಂಚನ ಅವರು ಕೈ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಇನ್ನೊಮ್ಮೆ ಮಾತಾಡ್ರಿ."

"ಏನಂತ ಮಾತಾಡ್ಲಿ?"

"ಎಕ್ಸ್‌ಚೇಂಜ್ ಬಾಯಾರು!" ಕಾಂಚನ ಅವರು ಸುಗಂಧಾಬಾಯಿಯ ಎರಡೂ ಕೈ ಹಿಡಿದುಬಿಟ್ಟರು. "ನೀವ ಅಲ್ರಿ? 'ಲೈನ್ ಮ್ಯಾಲ ಬಂದಾರ, ಮಾತಾಡ್ರಿ' ಅಂತಿದ್ರಲ್ಲ."

ಬರುವ ದಾರಿಯಲ್ಲಿ ಸುಗಂಧಾಬಾಯಿ ಒಂದು ಮಾತು ಸಿದ್ಧಮಾಡಿಕೊಂಡಿದ್ದರು. ಅದನ್ನು ಮೊದಲು ಮುಗಿಸಿದರು. "ನಾ ಒಂದ ತಪ್ಪ ಮಾಡೀನ್ರಿ. ನೀವು ಅವ್ವಾರ ಜೋಡಿ ಮಾತಾಡೂದನ್ನ ಕೇಳತಿದ್ದೆ. ಕೇಳಬಾರದಾಗಿತ್ತು."

"ನಮಗ ಗೊತ್ತಿತ್ರಿ," ಕಾಂಚನ ಅವರು ನಗುತ್ತಲೇ ಹೇಳಿದರು. "ಅವತ್ತ ಅವ್ವ ಬೈದಾಗ ಲೈನಿನ್ಯಾಗ ಮೂರನೇದವರು ನಕ್ಕಿದ್ದು ಇಬ್ಬರಿಗೂ ಕೇಳಿಸಿತು. ಮರುದಿನದಿಂದ ಅವ್ವ ಇನ್ನಾ ಜೋರಲೇ ಬೈಯಾಕ ಹತ್ತಿದಳು. 'ಆ ಬಾಯಿ ನಕ್ಕಳಂದ್ರ ಮಾತ ಬರೋಬರಿ ಐತಿ ತಿಳಕೋ' ಅಂತಿದ್ದಳು."

ಡೇರಿಯ ಹಿಂದಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಉಳಿದದ್ದೆಲ್ಲ ತಿಳಿಯಿತು. ಸೀಮಾ ಅವರಿಗೆ ಈ ಕಡೆಯ ಮಾತು ಕಲಿಸಲು ಕಾಂಚನಳನ್ನು ಕರೆದಿದ್ದರು. ಕಲಿಸಿದರೂ ನಾಲಿಗೆಗೆ ಹತ್ತಲಿಲ್ಲ. ಕೊನೆಗೆ ಕೊಲ್ಲಾಪುರದ ಸ್ಟುಡಿಯೋದಲ್ಲಿ ಕಾಂಚನಳಿಂದಲೇ ಹೇಳಿಸಿದರು. ಜನರಿಗೆ ಗೊತ್ತಾದರೆ ತಂಗೆವ್ವನನ್ನು ನಂಬುವುದಿಲ್ಲ, ಸುಮ್ಮನಿರು ಎಂದು ನಿರ್ದೇಶಕರು ಕೇಳಿಕೊಂಡಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ ಅವರಿಗೇ ಮನಸ್ಸು ತಡೆಯದೆ ಕಾಮೆಂಟರಿಗೆ ಕರೆಸಿದರು. ಅಷ್ಟರಲ್ಲಿ ಡಬ್ಬಿಯ ಮೇಲಿನ ಕಾಗದ ಅಚ್ಚಾಗಿಹೋಗಿತ್ತು.

"ಹೇಳ್ಲಿ ಏನ್ರಿ ಎಲ್ಲಾರಿಗೂ?" ಸುಗಂಧಾಬಾಯಿ ಕೇಳಿದರು.

ಕಾಂಚನ ಅವರು ಲೋಟ ಕೆಳಗಿಟ್ಟರು. "ಸೀಮಾ ಅವರಿಗೆ ಕೆಟ್ಟದನಿಸಬಾರದು. ನನ್ನ ಜೋಡಿ ಭಾಳ ಛಲೋ ಇದ್ರು ಅವರು."

"ಅವರ ಕಣ್ಣಾಗಿನ ಸಿಟ್ಟು ಅವರದ ಐತಿ. ಅದನ್ನ ಯಾರೂ ಕಸಗೊಳ್ಳಾಕ ಆಗೂದಿಲ್ಲ. ದನಿ ನಿಮ್ಮದು, ಮಾತು ಅವ್ವಂದು. ಮೂರೂ ಹೆಸರ ಹೇಳೂಣು."

"ಅವ್ವನ ಹೆಸರೂ ಹೇಳ್ತೀರಿ?"

"ಮದ್ಲ ಅವರದ ಹೇಳ್ತೀವಿ."

"ಹಂಗಾದ್ರ ಬರ್ತೀನಿ ನಡೀರಿ," ಅಂದರು ಕಾಂಚನ.

ಮುಂದಿನ ಸಭೆಯ ಭಾನುವಾರ ಲಾಲಸಾಬರ ಖೋಲಿಯಲ್ಲಿ ಕೂಡಲು ಜಾಗವಿರಲಿಲ್ಲ. ಸುಗಂಧಾಬಾಯಿ ಯಾರನ್ನೋ ಕರೆತರುತ್ತಾರೆಂಬ ಸುದ್ದಿ ಗುಂಪಿನಲ್ಲೆಲ್ಲ ಹಬ್ಬಿತ್ತು. ದಾವಲಬಿ ಎರಡು ಪರಾತ ಚುರಮುರಿ ಕಲಿಸಿದ್ದರು. ಸಂಗ್ರಾಮ ಸರ್ ಮುಂದಿನ ಸಾಲಿನಲ್ಲಿ ವಹಿ-ಪೆನ್ನು ಹಿಡಿದು, ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಕೂತಿದ್ದರು. ಕಾಂಚನ ಅವರಿಗೆ ಕೈ ಮುಗಿದು, ಪ್ರಶ್ನೆ ಶುರು ಮಾಡಲು ಬಾಯಿ ತೆರೆದರು.

"ಪ್ರಶ್ನಿ ಆಮ್ಯಾಲ ಸರ್," ಸುಗಂಧಾಬಾಯಿ ತಡೆದರು. "ಭಾಯ್, ಐದನೇ ಕಂತ ಹಚ್ಚರಿ. ಆವಾಜ ಪೂರಾ ಬಂದ ಮಾಡ್ರಿ."

ಪರದೆಯ ಮೇಲೆ ಹೊಳೆ ಬಂತು, ಸದ್ದಿಲ್ಲದ ಹೊಳೆ. ಸಾಹೇಬ ದಂಡೆಗೆ ಇಳಿದು ಬಂದ, ಬಾಯಿ ಆಡಿಸಿದ. ತಂಗೆವ್ವ ತಿರುಗಿದಳು. ಗೋಡೆಗೆ ಒರಗಿ ಕೂತಿದ್ದ ಕಾಂಚನ ಅವರು ಕೂತಲ್ಲಿಂದಲೇ ಶುರುಮಾಡಿದರು. ಒಂದು ಅಕ್ಷರ ಮುಂದೆ ಓಡಲಿಲ್ಲ, ಒಂದು ಹಿಂದೆ ಉಳಿಯಲಿಲ್ಲ. ತಂಗೆವ್ವನ ತುಟಿ ಮುಚ್ಚಿದಲ್ಲಿ ಆ ದನಿ ನಿಂತಿತು, ಆಕೆ ಉಸಿರು ಎಳೆದಲ್ಲಿ ಎಳೆಯಿತು. "ಹೊಳಿನ್ನ ಏನ ನಿಮ್ಮತ್ತಿ ನಿನ್ನ ಉಡಿಯಾಗ ಹಾಕ್ಯಾಳೇನು?" ಎಂದು ಖೋಲಿಯ ತುಂಬ ಗುಡುಗಿದಾಗ, ಕೆಳಗಿನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸುತ್ತಿದ್ದ ಒಬ್ಬರು ತಲೆ ಎತ್ತಿ ನೋಡಿದರು.

ಮೊದಲು ಚಪ್ಪಾಳೆ ತಟ್ಟಿದವರು ದಾವಲಬಿ.

ಸಂಗ್ರಾಮ ಸರ್ ವಹಿ ಮುಚ್ಚಿದರು. ಮುಖ ಕೆಂಪಾಗಿತ್ತು. ಆದರೆ ಅವರು ಸಣ್ಣ ಮನಸ್ಸಿನವರಲ್ಲ. "ಅಕ್ಕಾರ, ಕಿವಿ ಇದ್ದವರಿಗೆ ಗೊತ್ತಾಗತೈತಿ ಅಂತ ನಾನ ಅಂದಿದ್ದೆ. ಕಿವಿ ಇತ್ತು, ತಲಿ ಓಡಸಲಿಲ್ಲ" ಅಂದು, ಅಲ್ಲೇ ಕೂತು ವಾಟ್ಸಾಪ್ ಗುಂಪಿನ ಪರಿಚಯದ ಸಾಲು ತಿದ್ದಿದರು. ಸುಗಂಧಾಬಾಯಿ ಹೇಳಿದ ಕ್ರಮದಲ್ಲೇ ಬರೆದರು: ಮಾತು ಜನಾಬಾಯಿಯವರದು, ದನಿ ಕಾಂಚನ ಅವರದು, ನಟನೆ ಸೀಮಾ ಅವರದು. ಒಂದಿಬ್ಬರು ಸಿಟ್ಟಾಗಿ ಗುಂಪು ಬಿಟ್ಟರು. ನಾಲ್ಕು ದಿನದಲ್ಲಿ ಒಬ್ಬರು ತಿರುಗಿ ಬಂದರು. ಸರ್ ಸೀಮಾ ಅವರ ವಿಳಾಸ ಹುಡುಕಿ ಪತ್ರ ಹಾಕಿದರು. ಬಂದ ಉತ್ತರ ಒಂದೇ ಸಾಲು: ನನ್ನ ಗುರುವಿಗೆ ನನ್ನ ನಮಸ್ಕಾರ ತಿಳಿಸಿ.

ಮುಂದಿನದು ಸುಗಂಧಾಬಾಯಿಯ ಯೋಜನೆ. ಹಳೆಯ ಕಾಮೆಂಟರಿಯಲ್ಲಿ ಕಾಂಚನ ಅವರು ಮಾತಾಡಿದ್ದು ಮೂರೇ ಸಲ. ಹಾಗಾದರೆ ಹೊಸದು ಮಾಡೋಣ, ಹದಿಮೂರು ಕಂತಿಗೂ. ಡೇರಿಯ ಕೆಲಸ ಬಿಟ್ಟು ಅವರು ಪದೇಪದೇ ಅಥಣಿಗೆ ಬರಲಾಗದು. ಅದಕ್ಕೆ ಲಾಲಸಾಬರೇ ಪ್ಲೇಯರು, ಮೈಕು ಕಟ್ಟಿಕೊಂಡು ಸದಲಗೆಗೆ ಹೊರಟರು. ಮಧ್ಯಾಹ್ನ ಡೇರಿ ಮುಚ್ಚಿದ ಹೊತ್ತಿನಲ್ಲಿ ಕಾಂಚನ ಅವರ ಪಡಸಾಲೆಯಲ್ಲಿ ಕೆಲಸ. ಪ್ರಶ್ನೆ ಕೇಳುವವರು ಸುಗಂಧಾಬಾಯಿ. ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಗೊತ್ತು. ಸಂಗ್ರಾಮ ಸರ್ ದಿನಾಂಕ, ಜಾಗ ಬರೆದುಕೊಳ್ಳುತ್ತಾರೆ. ಒಂದೊಂದೇ ಕಂತಿನ ಮಾತು ಗುಂಪಿಗೆ ಹೋಗುತ್ತಿದೆ; ಜನ ಮನೆಯಲ್ಲಿ ಲಾಲಸಾಬರು ನಕಲು ಮಾಡಿಕೊಟ್ಟ ಕಂತು ಹಚ್ಚಿ ಅದರ ಜೊತೆ ಕೇಳುತ್ತಿದ್ದಾರೆ.

ಮೊನ್ನೆ ಹತ್ತನೆಯ ಕಂತು. ದೋಣಿಯನ್ನು ಒಡೆದು ಸೌದೆಗೆ ಒಯ್ಯುವ ದೃಶ್ಯ. ತಂಗೆವ್ವ ಎದೆ ಬಡಿದುಕೊಂಡು ಅಳುತ್ತಾಳೆ. ಇಡೀ ಗುಂಪಿನ ಕಣ್ಣು ಒದ್ದೆ ಮಾಡುವ ದೃಶ್ಯವದು. ಕಾಂಚನ ಅವರು ಅಳು ಮುಗಿಯುವವರೆಗೆ ನೋಡಿ, ತಲೆ ಅಲ್ಲಾಡಿಸಿದರು.

"ಇಲ್ಲಿ ನಾ ತಪ್ಪ ಹೇಳೀನ್ರಿ."

ಸಂಗ್ರಾಮ ಸರ್ ಪೆನ್ನು ನಿಲ್ಲಿಸಿದರು.

"ಅವ್ವಗ ಕೇಳಿದ್ದೆ, ಇಲ್ಲಿ ನೀ ಏನಂತಿದ್ದಿ ಅಂತ. ಆಕಿ ಅಳೂದ ಬ್ಯಾಡ ಅಂದಳು. ಬರೇ ಒಂದ ಮಾತು ಹೇಳಿದಳು. ನನಗ ಅದು ಏನೂ ಅಲ್ಲ ಅನಿಸಿತು. ಡೈರೆಕ್ಟರ್ ಸಾಹೇಬರೂ ಅಳು ಬೇಕಂದ್ರು, ನಾ ಅತ್ತಬಿಟ್ಟೆ."

"ಏನಂದಿದ್ರು ಅವ್ವಾರು?" ಸುಗಂಧಾಬಾಯಿ ಕೇಳಿದರು. ಜನಾಬಾಯಿ ಇದನ್ನು ಫೋನಿನಲ್ಲಿ ಹೇಳಿದ ದಿನ ಎಕ್ಸ್‌ಚೇಂಜಿನಲ್ಲಿ ಅವರಿಗೆ ರಜೆ ಇದ್ದಿರಬೇಕು. ಇದೊಂದು ಮಾತು ಅವರ ಕಿವಿಗೂ ಬಿದ್ದಿರಲಿಲ್ಲ.

ಕಾಂಚನ ಅವರು ಪರದೆಯ ಮೇಲಿನ ಮುರಿದ ಹಲಗೆಗಳನ್ನೇ ನೋಡುತ್ತ, ದನಿಯಲ್ಲಿ ಏನೂ ಬೆರೆಸದೆ ಹೇಳಿದರು. "'ಮೊಳಿ ಎಲ್ಲಾ ಆರಿಸಿ ತಗೀರಿ. ಯಾರದರ ಕಾಲಿಗೆ ಚುಚ್ಚೀತು.'"

ಲಾಲಸಾಬರು ಮೈಕಿನ ಕಡೆ ನೋಡಿ, ಬಂದಾಗಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಂಡರು. ಸಂಗ್ರಾಮ ಸರ್, "ಇನ್ನೊಮ್ಮೆ ಹೇಳಸೂಣೇನ್ರಿ, ಸ್ವಲ್ಪ ಜೋರಲೇ?" ಎಂದು ಮೆಲ್ಲಗೆ ಕೇಳಿದರು.

"ಬ್ಯಾಡ್ರಿ," ಅಂದರು ಸುಗಂಧಾಬಾಯಿ. "ಹಿಂಗ ಇರಲಿ. ಬರೋಬರಿ ಐತಿ."

ಅಷ್ಟು ಹೇಳಿ ಕೈ ಚಾಚಿ ಹನ್ನೊಂದನೆಯ ಕಂತು ಹಚ್ಚಿದರು.